ಹಡಗಿನ ಮಾಳಿಗೆ

ಈ ಸಲದ ಸಂಚಿಕೆಗೆ ಹಡಗಿನ ವಿಷಯವಾಗಿ ಒಂದು ಲೇಖನ ಕೊಡುತ್ತೇನೆಂದು ಹೇಳಿದಾಗ ಸಂಪಾದಕ ಮಂಡಳಿಯ ಗೆಳೆಯರು ನಕ್ಕುಬಿಟ್ಟರು. ಅವರು ನಕ್ಕದ್ದು ತಪ್ಪೆಂದು ನಾನು ಹೇಳಲಾರೆ. ಕಂಪ್ಲಿಯಲ್ಲಿ ಹುಟ್ಟಿ ಬೆಳೆದು ಹೊಸಪೇಟೆಯಲ್ಲಿ ಓದುತ್ತಿರುವ ನಾನು ಕಂಡ ನೀರೆಂದರೆ ತುಂಗಭದ್ರೆಯ ನೀರು, ಹತ್ತಿದ ನಾವೆಯೆಂದರೆ ಹಂಪೆಯ ಹರಿಗೋಲು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಹೆಚ್ಚಾಗಿ ಬಿಟ್ಟಾಗ ನಮ್ಮೂರ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಿಹೋಗುತ್ತದೆ. ಆಗ ಊರವರೆಲ್ಲ ದಂಡೆಯಲ್ಲಿ ನಿಂತು ಹೊಳೆ ನೋಡುತ್ತೇವೆ. ನಮಗೂ ಜಲಯಾನಕ್ಕೂ ಇರುವ ನಂಟು ಇಷ್ಟೇ. ಆದರೂ ಕಳೆದೊಂದು ವರ್ಷ ನನ್ನ ಭಾನುವಾರಗಳನ್ನೆಲ್ಲ ಒಂದು ಹಡಗಿನ ಮಾದರಿ ನುಂಗಿಹಾಕಿತು. ಅದರಲ್ಲಿಯೂ ಅದರ ಮೇಲಿನ ಹಲಗೆಯ ನೆಲ, ಅಂದರೆ ಡೆಕ್ಕು, ನನ್ನನ್ನು ಬಹಳ ಕಾಡಿತು. ಅದನ್ನು ಕುರಿತು ನನಗೊಂದು ಅಭಿಪ್ರಾಯವುಂಟಾಗಿದೆ. ಗೆಳೆಯರೂ ಗುರುಗಳೂ ಕೊಂಚ ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥನೆ.

ಹಡಗು ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಎರಡನೆಯ ವರ್ಷದ ಇತಿಹಾಸದ ತರಗತಿಯಲ್ಲಿ ನಮ್ಮ ಗುರುಗಳು ಮುಂಬಯಿಯ ಹಡಗುಕಟ್ಟೆಯ ಪಾರ್ಸಿ ಕುಶಲಿಗಳ ಮಾತು ತೆಗೆದಾಗ 'ಟ್ರಿಂಕೋಮಲಿ' ಎಂಬ ಹೆಸರು ಬಂತು. ಅದು ಬ್ರಿಟಿಷ್ ನೌಕಾಪಡೆಗಾಗಿ ಜಮ್ಶೇಟ್‌ಜಿ ಬೊಮ್ಮನ್‌ಜಿ ವಾಡಿಯಾ ಅವರ ಕೈಕೆಳಗೆ ಮುಂಬಯಿಯಲ್ಲಿ ತಯಾರಾದ ಯುದ್ಧನೌಕೆ. ನೆಪೋಲಿಯನ್ನನ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು; ನಮ್ಮ ಪಶ್ಚಿಮ ಘಟ್ಟದ ತೇಗ ಅದಕ್ಕಿಂತ ಬಾಳುವ ಮರ, ಕಬ್ಬಿಣದ ಮೊಳೆಯನ್ನು ಓಕಿನಂತೆ ತಿನ್ನುವುದೂ ಇಲ್ಲ. ಈ ನೌಕೆಗೆ ಬಿದ್ದದ್ದು ಮಲಬಾರಿನ ತೇಗ. ನಮ್ಮ ಕನ್ನಡ ಜಿಲ್ಲೆಯ ಕಾಡುಗಳ ತೇಗವೂ ಆ ಹಡಗುಕಟ್ಟೆಗೆ ಹೋಗುತ್ತಿತ್ತು. 1812ರಲ್ಲಿ ಆಜ್ಞೆಯಾಯಿತು. ನಕ್ಷೆಗಳನ್ನು ಹೊತ್ತು ಹೊರಟಿದ್ದ 'ಜಾವಾ' ಎಂಬ ಹಡಗನ್ನು ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದವರ 'ಕಾನ್‌ಸ್ಟಿಟ್ಯೂಷನ್' ನೌಕೆ ಸೋಲಿಸಿತು. ನಕ್ಷೆಗಳೂ ಅದರೊಂದಿಗೇ ಹೋದವು. ಮತ್ತೆ ಬೇರೆ ನಕ್ಷೆ ಬಂದು, 1816ರಲ್ಲಿ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಆರಂಭಿಸಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ಇಂದಿಗೂ ಅದು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ತೇಗ! ನಮ್ಮ ಮನೆಯ ಬಾಗಿಲಿಗೆ ನಲವತ್ತು ವರ್ಷಕ್ಕೇ ಗೆದ್ದಲು ಹಿಡಿದಿದೆ. ಆದರೆ ಅದು ಬೇವಿನ ಬಾಗಿಲು, ತಂದೆಯವರದಲ್ಲ, ತಾತನ ಕಾಲದ್ದು ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ಮನೆಯಲ್ಲಿ ನನಗೆ ಊಟ ಸಿಕ್ಕಲಾರದು.

ಏಕೆಂದರೆ ನಮ್ಮ ತಂದೆ ಬಡಿಗರು. ಕಿಟಕಿ, ಬಾಗಿಲು, ಮೊದಲಾದರೆ ಎತ್ತಿನ ಗಾಡಿ, ಈಗ ಹೆಚ್ಚಾಗಿ ಪ್ಲೈವುಡ್ಡಿನ ಕಪಾಟು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ನಮ್ಮ ಮನೆತನದಲ್ಲಿ ಬಿ.ಎ. ಪರೀಕ್ಷೆಗೆ ಕೂತಿರುವವನು ನಾನೇ ಮೊದಲಿಗ. ಈ ಮಾತನ್ನು ಇಷ್ಟು ಸರಳವಾಗಿ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಯಾರಾದರೂ ಕೇಳಿದರೆ "ಫರ್ನಿಚರ್ ವ್ಯಾಪಾರ" ಎನ್ನುತ್ತಿದ್ದೆ.

ಮಾದರಿಯ ಅಳತೆ ತೊಂಬತ್ತಾರರಲ್ಲಿ ಒಂದು. ಅಂದರೆ ನಿಜವಾದ ಹಡಗಿನ ಎಂಟು ಅಡಿ ನನ್ನ ಹಡಗಿನ ಒಂದು ಅಂಗುಲ. ಫಿರಂಗಿಗಳ ಅಂತಸ್ತಿನಲ್ಲಿ 150 ಅಡಿ ಉದ್ದದ ನೌಕೆ ನನ್ನಲ್ಲಿ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು. 40 ಅಡಿಯ ಅಗಲ ಐದು ಅಂಗುಲ. ನಕ್ಷೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡೆ. ಒಡಲನ್ನು ಹೇಗೋ ಮುಗಿಸಿದೆ, ಆ ಕಥೆ ಬೇಡ. ತೊಡಕು ಬಂದದ್ದು ಡೆಕ್ಕಿನಲ್ಲಿ. ತೇಗದ ಹಡಗಿಗೆ ತೇಗವನ್ನೇ ಬಳಸಬೇಕೆಂಬ ಹಟದಿಂದ ತಂದೆಯವರ ಅಂಗಡಿಯ ಚೂರುಗಳಿಂದ ತೆಳುವಾದ ಪಟ್ಟಿಗಳನ್ನು ಸೀಳಿ ಹಾಸಿದೆ. ಹಲಗೆ ಹಲಗೆಗಳ ನಡುವೆ ಚೂರಿಯಿಂದ ಗೀರಿ, ಗೀರಿಗೆ ಕಪ್ಪು ಮಸಿ ತುಂಬಿದೆ. ಪಟ್ಟಿಗಳೆಲ್ಲ ಒಂದೇ ಉದ್ದ. ಆದ್ದರಿಂದ ಅವುಗಳ ತುದಿಗಳೂ ಸೈನಿಕರು ಸಾಲುಗಟ್ಟಿದಂತೆ ಒಂದೇ ಗೆರೆಯಲ್ಲಿ ಕೂಡಿದವು. ನೋಡಲು ಬಹು ಅಚ್ಚುಕಟ್ಟು! ಓಣಿಯವರನ್ನೆಲ್ಲ ಕರೆದು ತೋರಿಸಿದೆ. ರಾತ್ರಿ ಊಟವಾದ ಮೇಲೆ ತಂದೆಯವರು ಕನ್ನಡಕ ಹಾಕಿಕೊಂಡು ಅದನ್ನು ದೀಪದ ಕೆಳಗೆ ಹಿಡಿದರು.

"ತಮ್ಮಾ, ಇದರಾಗ ಮನುಷ್ಯ ಎಷ್ಟೆತ್ತರ ಇರ್ತಾನ?"

ಮುಕ್ಕಾಲು ಅಂಗುಲಕ್ಕೂ ಕಡಿಮೆ ಎಂದೆ.

"ಹಂಗಾರ ಅವನ ಕಾಲು ಈ ಸಂದಿನ್ಯಾಗ ಸಿಕ್ಕೊಂಡು ಬೀಳ್ತಾನಲ್ಲಪಾ. ಮತ್ತ ಎಲ್ಲಾ ಹಲಿಗಿ ತುದಿ ಒಂದಾ ತೊಲಿ ಮ್ಯಾಲ ತಂದಿ. ಮಾಳಿಗಿ ಅಲ್ಲೇ ಮುರಿತೈತಿ."

ಸಮುದ್ರವನ್ನೇ ಕಾಣದ ಮನುಷ್ಯ ಹೀಗೆ ಹೇಳಿದಾಗ ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡುವುದಿಲ್ಲ. ಕಾಗದ ತೆಗೆದು ಲೆಕ್ಕ ಹಾಕಿದೆ. ನಾನು ಗೀರಿದ ಗೆರೆಯ ದಪ್ಪ ಅರ್ಧ ಮಿಲಿಮೀಟರು. ಅದನ್ನು ತೊಂಬತ್ತಾರರಿಂದ ಗುಣಿಸಿದರೆ 48 ಮಿಲಿಮೀಟರು, ಸುಮಾರು ಎರಡು ಅಂಗುಲ! ನಿಜವಾದ ಹಡಗಿನಲ್ಲಿ ಎರಡಂಗುಲದ ಸಂದು ಬಿಟ್ಟರೆ ಖಲಾಸಿಗಳ ಕಾಲು ಮಾತ್ರವಲ್ಲ, ಅರಬ್ಬೀ ಸಮುದ್ರವೇ ಕೆಳಗಿಳಿಯುತ್ತದೆ. ತೇಗವೂ ನನಗೆ ಮೋಸ ಮಾಡಿತು. ತೇಗದ ಮೈಯಲ್ಲಿ ಬರಿಗಣ್ಣಿಗೆ ಕಾಣುವ ಸಣ್ಣ ರಂಧ್ರಗಳುಂಟು. ಬಾಗಿಲಿಗೆ ಅವು ಶೋಭೆ. ನನ್ನ ಹಡಗಿನ ಮೇಲೆ ಅವು ಒಂದೊಂದು ಹೆಬ್ಬೆರಳು ತೂರುವ ತೂತುಗಳಾಗಿದ್ದವು.

ಇಲ್ಲಿ ಡೆಕ್ಕಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಯನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಹಡಗಿನಲ್ಲಿಯೂ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಅಡ್ಡತೊಲೆಗಳು. ಅವುಗಳ ಮೇಲೆ ಹಡಗಿನ ಉದ್ದಕ್ಕೂ ಹಲಗೆಗಳು. ಮಣ್ಣಿಲ್ಲ, ಅಷ್ಟೇ ವ್ಯತ್ಯಾಸ. ಮಣ್ಣಿನ ಬದಲು ಹಲಗೆಗಳ ನಡುವಿನ ಉದ್ದ ಸಂದುಗಳಲ್ಲಿ ಹಳೆಯ ಹಗ್ಗ ಬಿಡಿಸಿದ ನಾರನ್ನು ಉಳಿ ಕೊಡತಿಗಳಿಂದ ಬಿಗಿಯಾಗಿ ತುರುಕಿ, ಮೇಲೆ ಕುದಿಯುವ ಕಪ್ಪು ರಾಳ ಹೊಯ್ಯುತ್ತಾರೆ. ನಮ್ಮ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುವುದಿಲ್ಲವೆ, ಅದರ ಹಿರಿಯಣ್ಣ ಇದು. (ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸರ ಪಾಯೆಸ್ ಕಂಡ ಹರಿಗೋಲಿಗೆ ಹೊರಗಡೆ ತೊಗಲು ಹೊದಿಸಿತ್ತು, ಬುಟ್ಟಿಯಂಥ ಆ ದೋಣಿಯಲ್ಲಿ ಕುದುರೆ ಎತ್ತುಗಳೂ ಹೊಳೆ ದಾಟುತ್ತಿದ್ದುವೆಂದು ಅವನು ಬರೆದಿದ್ದಾನೆ.) ಇನ್ನು ಒಂದು ಹಲಗೆ ಮುಗಿದು ಮುಂದಿನ ಹಲಗೆ ಆರಂಭವಾಗುವ ಕಡೆ ಅಡ್ಡ ಸಂದು ಬರುತ್ತದೆ. ಇದು ತೊಲೆಯ ಮೇಲೆಯೇ ಕೂರಬೇಕು, ಇಲ್ಲವಾದರೆ ತುದಿಗೆ ಆಧಾರವಿಲ್ಲ. ಆದರೆ ಅಕ್ಕಪಕ್ಕದ ಹಲಗೆಗಳ ಅಡ್ಡ ಸಂದುಗಳು ಒಂದೇ ತೊಲೆಯ ಮೇಲೆ ಕೂತರೆ ಡೆಕ್ಕು ಅಲ್ಲಿ ದುರ್ಬಲವಾಗುತ್ತದೆ. ಆದ್ದರಿಂದ ಒಂದು ತೊಲೆಯ ಮೇಲೆ ಎರಡು ಅಡ್ಡ ಸಂದು ಬರಬೇಕಾದರೆ ಅವುಗಳ ನಡುವೆ ಮೂರು ಹಲಗೆಗಳಾದರೂ ಅಖಂಡವಾಗಿ ಹಾಯ್ದಿರಬೇಕೆಂದು ಹಡಗು ಕಟ್ಟುವವರ ಹಳೆಯ ನಿಯಮ. ಇದನ್ನು ನಾನು ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಿ ಓದಿದೆ. ತಂದೆಯವರಿಗೆ ಓದಿ ಹೇಳಿದಾಗ "ಹೂಂ" ಎಂದರು, ಅಷ್ಟೇ.

ಎರಡನೆಯ ಡೆಕ್ಕಿಗೆ ಆಲೆ ಮರ ಹುಡುಕಿದೆವು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಬಿಳಿಯ, ನುಣುಪಾದ ಮರ ಅದು. ರಂಧ್ರಗಳು ಕಣ್ಣಿಗೆ ಬೀಳುವುದಿಲ್ಲ. ಸಂಡೂರಿನ ಸಹಪಾಠಿಯೊಬ್ಬನ ಹೊಲದ ಬದುವಿನಲ್ಲಿ ಕಡಿದು ಹಾಕಿದ್ದ ಕೊಂಬೆಯೊಂದು ಸಿಕ್ಕಿತು. ಅದನ್ನು ಬಸ್ಸಿನಲ್ಲಿ ತಂದಾಗ ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿದರು. ಮೂರು ತಿಂಗಳು ನೆರಳಲ್ಲಿ ಒಣಗಿಸಿ, ತಂದೆಯವರು ಹತ್ತರಿ ಹೊಡೆದು ಮಿಲಿಮೀಟರಿನ ದಪ್ಪಕ್ಕೆ ತಂದುಕೊಟ್ಟರು. ಕಪಾಟಿನ ಕೆಲಸ ಮುಗಿಸಿ ಬಂದು ರಾತ್ರಿ ಹತ್ತರ ಮೇಲೆ ಕೂತು ಮಾಡಿಕೊಟ್ಟ ಕೆಲಸ. ಪಟ್ಟಿ ಸೀಳಿದ್ದು, ಅಂಟಿಸಿದ್ದು ನಾನು. ಹಲಗೆಯ ಅಗಲ ಒಂಬತ್ತು ಅಂಗುಲವೆಂದು ಹಿಡಿದರೆ ನನಗೆ 2.4 ಮಿಲಿಮೀಟರು, ಉದ್ದ 24 ಅಡಿಯೆಂದು ಹಿಡಿದರೆ ಮೂರು ಅಂಗುಲ. ಅಗಲವಾದ ಕಡೆ 46 ಹಲಗೆಗಳು. ಕಾಲು ಅಂಗುಲದ ರಾಳದ ಸಂದು ಈ ಅಳತೆಯಲ್ಲಿ ತಲೆಗೂದಲಿನ ದಪ್ಪಕ್ಕೆ ಬರುತ್ತದೆ. ಆದ್ದರಿಂದ ಗೀರನ್ನೂ ಮಸಿಯನ್ನೂ ಬಿಟ್ಟು, ಪ್ರತಿ ಪಟ್ಟಿಯ ಒಂದು ಅಂಚಿಗೆ ಮಾತ್ರ ಮೆದು ಪೆನ್ಸಿಲನ್ನು ಒಮ್ಮೆ ಎಳೆದು ಪಕ್ಕದ ಪಟ್ಟಿಗೆ ಒತ್ತಿ ಕೂಡಿಸಿದೆ. ಹತ್ತಿರ ಬಗ್ಗಿ ನೋಡಿದರೆ ಒಂದು ಎಳೆ ಕಾಣುತ್ತದೆ. ಎರಡು ಮಾರು ಹಿಂದೆ ಸರಿದರೆ ಕಾಣುವುದಿಲ್ಲ.

ನನ್ನ ವಾದ ಇರುವುದೇ ಇಲ್ಲಿ. ಮಾದರಿಯ ಡೆಕ್ಕಿನ ಮೇಲೆ ಹಲಗೆಯ ಗೆರೆ ಎದ್ದು ಕಾಣಬಾರದು. ಎರಡಡಿ ದೂರದಿಂದ ನನ್ನ ಹಡಗನ್ನು ನೋಡುವವನು ನಿಜವಾದ ಹಡಗನ್ನು ಇನ್ನೂರು ಅಡಿಗಳ ದೂರದಿಂದ ನೋಡಿದಂತೆ. ಜಾತ್ರೆಯ ದಿನ ಹೇಮಕೂಟದ ಮೇಲೆ ನಿಂತು ಬೀದಿಯಲ್ಲಿರುವ ವಿರೂಪಾಕ್ಷನ ತೇರನ್ನು ನೋಡಿರಿ. ತೇರು ಕಾಣುತ್ತದೆ, ಗಾಲಿ ಕಾಣುತ್ತದೆ. ಗಾಲಿಯ ಹಲಗೆಗಳನ್ನು ಕೂಡಿಸಿದ ಗೆರೆ ಕಾಣುತ್ತದೆಯೆ? ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಂಪೆಯ ಕಣಿವೆಯನ್ನೆಲ್ಲ ಸಣ್ಣದಾಗಿ ಮಾಡಿಟ್ಟಿದ್ದಾರೆ. ಅಲ್ಲಿ ಯಾರೂ ಕಂಬದ ಕೆತ್ತನೆಯನ್ನು ಹುಡುಕುವುದಿಲ್ಲ. ಬೆಟ್ಟವೆಲ್ಲಿ, ಹೊಳೆಯೆಲ್ಲಿ ಎಂದು ಹುಡುಕುತ್ತಾರೆ. ಅಳತೆ ಕಿರಿದಾದಂತೆ ತೋರುವ ವಿವರವೂ ಕಿರಿದಾಗಬೇಕು. ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಯುದ್ಧನೌಕೆಗಳು ಏಳುನೂರರಲ್ಲಿ ಒಂದರ ಅಳತೆಯಲ್ಲಿ ದೊರೆಯುತ್ತವೆ. 1945ರ ಸೆಪ್ಟೆಂಬರ್ 2ರಂದು ಜಪಾನು ಶರಣಾಗತಿಗೆ ಸಹಿ ಹಾಕಿದ ಅಮೆರಿಕದ 'ಮಿಸೌರಿ' ನೌಕೆಯ ಡೆಕ್ಕೂ ತೇಗದ್ದೇ. 887 ಅಡಿಗಳ ಆ ನೌಕೆ ಆ ಅಳತೆಯಲ್ಲಿ ಒಂದು ಅಡಿ ಮೂರು ಅಂಗುಲವಾಗುತ್ತದೆ. ಅದರಲ್ಲಿ ಕಾಲಂಗುಲದ ಸಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಕಡಿಮೆ. ಅದನ್ನು ಯಾವ ಯಂತ್ರ ಗೀರಿದರೂ ಅದು ಸುಳ್ಳು ಗೆರೆ.

ನನ್ನ ಗೆಳೆಯನೊಬ್ಬ ಇದಕ್ಕೆ ಒಳ್ಳೆಯ ಪ್ರತಿವಾದ ಹೂಡಿದ. "ಕಾಣದಿದ್ದ ಮೇಲೆ ಇನ್ನೂರೈವತ್ತು ಚೂರುಗಳನ್ನು ಅಂಟಿಸುವುದೇಕೆ? ಒಂದೇ ಹಲಗೆ ಕತ್ತರಿಸಿ ಬಣ್ಣ ಬಳಿ, ಸಾಕು." ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ವಾರ ಹಿಡಿಯಿತು. ಉತ್ತರ ಸಿಕ್ಕಿದ್ದು ನಮ್ಮ ಮನೆಯ ಕಂಬಳಿಯಲ್ಲಿ. ದೂರದಿಂದ ಕಂಬಳಿಯ ಎಳೆ ಕಾಣುವುದಿಲ್ಲ. ಆದರೂ ಅದು ಕರಿಯ ಕಾಗದವಲ್ಲ, ಕಂಬಳಿ ಎಂದು ಯಾರಿಗೂ ತಿಳಿಯುತ್ತದೆ. ಒಂದೊಂದು ಹಲಗೆಯೂ ಬೆಳಕನ್ನು ಒಂದೊಂದು ಬಗೆಯಲ್ಲಿ ಹಿಡಿಯುತ್ತದೆ. ಒಂದು ಕೊಂಚ ಹಳದಿ, ಒಂದು ಕೊಂಚ ಬೂದು. ಗೆರೆಯಿಲ್ಲದೆಯೇ ಹಲಗೆ ಇದೆಯೆಂದು ಕಣ್ಣಿಗೆ ಗೊತ್ತಾಗುತ್ತದೆ. ಬಣ್ಣ ಬಳಿದ ಒಂಟಿ ಹಲಗೆಗೆ ಈ ಗುಣ ಬರಬೇಕಾದರೆ ಬಳಿಯುವವನು ನನಗಿಂತ ದೊಡ್ಡ ಕಲಾವಿದನಾಗಿರಬೇಕು. ಅಂಥವರಿದ್ದಾರೆ, ಅವರ ತಂಟೆಗೆ ನಾನು ಹೋಗುವುದಿಲ್ಲ.

ಬಣ್ಣದ ಮಾತಿನಲ್ಲಿಯೂ ಒಂದು ತಪ್ಪು ತಿಳಿವಳಿಕೆಯುಂಟು. ತೇಗವೆಂದರೆ ಜೇನಿನ ಬಣ್ಣ ಎಂದುಕೊಂಡು ಎಲ್ಲರೂ ಡೆಕ್ಕಿಗೆ ಹಳದಿಯೋ ಕಂದೋ ಬಳಿಯುತ್ತಾರೆ. ಹೊಸ ತೇಗ ಹಾಗಿರುವುದು ನಿಜ. ಬಿಸಿಲು, ಉಪ್ಪುನೀರು, ದಿನಾ ಕಲ್ಲಿನಿಂದ ಉಜ್ಜುವ ಖಲಾಸಿಗಳು, ಇವರೆಲ್ಲ ಸೇರಿದ ಮೇಲೆ ಅದು ಬೂದಿಬಿಳುಪಾಗುತ್ತದೆ. ನಮ್ಮ ಓಣಿಯಲ್ಲಿ ಬಯಲಿಗೆ ಬಿಟ್ಟ ಗಾಡಿಯ ನೊಗ ಯಾವ ಬಣ್ಣವೋ ಅದೇ ಬಣ್ಣ. ಚಹಾದ ಡಿಕಾಕ್ಷನ್ ಸವರಿ, ತುಕ್ಕು ಮೊಳೆಗಳನ್ನು ನೆನೆಹಾಕಿದ ವಿನೆಗರನ್ನು ನೀರು ಬೆರೆಸಿ ಅದರ ಮೇಲೆ ಹಚ್ಚಿದರೆ ಮರ ಆ ಬಣ್ಣಕ್ಕೆ ತಿರುಗುತ್ತದೆ. ಒಮ್ಮೆ ಹೀಗೆ ಹಚ್ಚಿ ಹೊಸಪೇಟೆಯ ನನ್ನ ಕೋಣೆಯ ಕಿಟಕಿಯಲ್ಲಿ ಒಣಗಲು ಇಟ್ಟು ಪರೀಕ್ಷೆಗೆ ಹೋಗಿದ್ದೆ. ಬರುವಷ್ಟರಲ್ಲಿ ಸಂಡೂರಿನ ಅದಿರಿನ ಲಾರಿಗಳು ಹಾಯ್ದು, ನನ್ನ ಬೂದು ಡೆಕ್ಕು ಕೆಮ್ಮಣ್ಣಿನ ಅಂಗಳವಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೂ ಎರಡು ಸಂದುಗಳಲ್ಲಿ ಆ ಕೆಂಪು ಇನ್ನೂ ಉಳಿದಿದೆ. ತೆಗೆಯಲು ಮನಸ್ಸಾಗಲಿಲ್ಲ.

ಈಚೆಗೆ ಲೇಸರ್ ಯಂತ್ರದಲ್ಲಿ ಕತ್ತರಿಸಿದ ಮರದ ತೆಳು ಹಾಳೆಗಳು ಬಂದಿವೆ. ಹಿಂದೆ ಅಂಟು, ಮೇಲೆ ಹಲಗೆಗಳ ಗೆರೆ ಸುಟ್ಟಿರುತ್ತದೆ. ಕಿತ್ತು ಹಚ್ಚಿದರೆ ಡೆಕ್ಕು ಮುಗಿಯಿತು. ನಾನು ಇವುಗಳ ವಿರೋಧಿಯಲ್ಲ. ಕೊಳ್ಳುವ ಶಕ್ತಿ ನನಗಿಲ್ಲವೆಂಬುದು ಒಂದು ಕಾರಣವಾದರೂ, ಆ ಹಾಳೆ ಹಚ್ಚಿದವನಿಗೆ ಅಡ್ಡ ಸಂದು ತೊಲೆಯ ಮೇಲೆ ಏಕೆ ಕೂರುತ್ತದೆಂದು ಕೇಳಬೇಕಾದ ಪ್ರಸಂಗವೇ ಬರುವುದಿಲ್ಲವೆಂಬುದು ನನ್ನ ಅಸಮಾಧಾನ.

ಸಂದುಗಳ ಈ ವಿಚಾರ ತಲೆಯಲ್ಲಿ ತುಂಬಿಕೊಂಡೇ ಒಂದು ದಿನ ವಿಜಯವಿಠ್ಠಲನ ಅಂಗಳಕ್ಕೆ ಹೋದೆ. ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ 2017ರಿಂದ ಎಲ್ಲರ ಜೇಬಿನಲ್ಲಿರುವ ಆ ಕಲ್ಲಿನ ರಥ, ವಾಸ್ತವವಾಗಿ ಗರುಡನ ಗುಡಿ. ಮರದ ತೇರನ್ನು ಕಲ್ಲಿನಲ್ಲಿ ಮಾಡಿದ್ದಾರೆ. ನೂರು ಸಲ ನೋಡಿದ್ದರೂ ಅಂದು ಕಂಡದ್ದು ಬೇರೆ. ಅದು ಒಂದೇ ಬಂಡೆಯಲ್ಲಿ ಕಡೆದಂತೆ ತೋರುತ್ತದೆ, ಆದರೆ ಹಾಗಲ್ಲ; ಹಲವು ಕಲ್ಲುಗಳನ್ನು ಜೋಡಿಸಿ, ಜೋಡಣೆಯ ಸಂದು ಕೆತ್ತನೆಯೊಳಗೆ ಅಡಗುವಂತೆ ಮಾಡಿದ್ದಾರೆ. ಅದೇ ವೇಳೆಗೆ ಮರದ ತೇರಿನ ಗಾಲಿ, ಅಚ್ಚುಗಳನ್ನು ಬೇರೆ ಬೇರೆಯಾಗಿ ಎತ್ತಿ ತೋರಿಸಿದ್ದಾರೆ. ಪಕ್ಕದ ಮಂಟಪದ ಸೂರಿನ ಅಡಿಯಲ್ಲಿ ಕಲ್ಲನ್ನೇ ಮರದ ಪಟ್ಟಿಗಳಂತೆ ಕೊರೆದಿದ್ದಾರೆ. ಅಂದರೆ ಕಲ್ಲುಕುಟಿಗ ತನ್ನ ಕೆಲಸದ ಸಂದನ್ನು ಮುಚ್ಚಿದ, ಮರಗೆಲಸದವನ ಸಂದನ್ನು ತೋರಿಸಿದ. ನನ್ನ ಡೆಕ್ಕಿಗೂ ಬೇಕಾದ ವಿವೇಕ ಇದೇ ಎನಿಸಿತು. ಪಟ್ಟಿ ಮುರಿದು ನಾನು ತೇಪೆ ಹಾಕಿದ ಕಡೆಗಳು ಕಾಣಬಾರದು. ವಾಡಿಯಾ ಅವರ ಬಡಿಗರು ಕೂಡಿಸಿದ ಕಡೆಗಳು ಇರಬೇಕು. (ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ನಮ್ಮ ಪ್ರದರ್ಶನಗಳಲ್ಲಿ ವರ್ಷಕ್ಕೆ ನಾಲ್ಕರಂತೆ ಹುಟ್ಟುವ ಥರ್ಮೋಕೋಲಿನ ರಥಗಳಲ್ಲಿ ಒಂದಕ್ಕಾದರೂ ಯಾರಾದರೂ ಆ ಶಿಖರವನ್ನು ಕೂಡಿಸಬಾರದೆ?)

ಪ್ರದರ್ಶನದ ಮಾತು ಬಂದಿತು. ಈ ವರ್ಷ ಬೇರೊಂದು ಊರಿನಲ್ಲಿ ನಡೆದ ಅಂತರ ಕಾಲೇಜು ವಸ್ತುಪ್ರದರ್ಶನಕ್ಕೆ ನನ್ನ ಹಡಗನ್ನು ಒಯ್ದೆ. ಅಲ್ಲಿ ಇನ್ನೊಂದು ನೌಕೆಯೂ ಇತ್ತು. ಅದರ ಡೆಕ್ಕಿನ ಮೇಲೆ ಸ್ಕೆಚ್ ಪೆನ್ನಿನಿಂದ ಎಳೆದ ದಪ್ಪ ಗೆರೆಗಳು. ತೀರ್ಪುಗಾರರೊಬ್ಬರು ನನ್ನದರ ಮುಂದೆ ನಿಂತು, "ಹಲಗೆಗಳೇ ಕಾಣುವುದಿಲ್ಲವಲ್ಲ, ಅಲ್ಲಿ ನೋಡಿ ಎಷ್ಟು ಸ್ಪಷ್ಟವಾಗಿವೆ" ಎಂದು ಮುಂದೆ ನಡೆದರು. ಬಹುಮಾನ ಅದಕ್ಕೆ ಹೋಯಿತು. ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಆದರೆ ಅವರನ್ನು ಹಳಿಯಲು ನನಗೆ ಬಾಯಿಲ್ಲ. ನನ್ನ ಮೊದಲ ಡೆಕ್ಕನ್ನು ನಾನೂ ಹಾಗೆಯೇ ಮೆಚ್ಚಿದ್ದೆ. ಅಳತೆ ಎಷ್ಟು, ಎಷ್ಟು ದೂರದಿಂದ ನೋಡಬೇಕು ಎಂದು ಬರೆದಿಡದೆ ಇದ್ದದ್ದು ನನ್ನ ತಪ್ಪೂ ಹೌದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮಾದರಿಯ ಪಕ್ಕದ ಚೀಟಿಯಲ್ಲಿ 'ತಯಾರಿಸಿದವರು' ಎಂಬುದರ ಮುಂದೆ ನನ್ನ ಹೆಸರೊಂದನ್ನೇ ಬರೆದಿದ್ದೆ. ಅಂದು ತಂದೆಯವರೂ ಬಂದಿದ್ದರು. ಅಂಗಡಿಯಿಂದ ನೇರವಾಗಿ, ಅಂಗಿಯ ಮೇಲೆ ಮರದ ಹೊಟ್ಟು. ಪ್ರಾಧ್ಯಾಪಕರೊಬ್ಬರು "ಇವರು ಯಾರು?" ಎಂದು ಕೇಳಿದಾಗ "ನಮ್ಮ ತಂದೆಯವರು, ನೋಡಲು ಬಂದಿದ್ದಾರೆ" ಎಂದೆ. ಹತ್ತರಿಯ ಮಾತು, ತೊಲೆಯ ಮಾತು ಬಾಯಿಗೆ ಬರಲಿಲ್ಲ. ತಂದೆಯವರು ಕೈ ಮುಗಿದು ಹಿಂದೆ ಸರಿದು ನಿಂತರು. ಬಹುಮಾನ ತಪ್ಪಿದ್ದು ಎರಡು ದಿನಕ್ಕೆ ಮರೆಯಿತು. ಇದು ಮರೆಯಲಿಲ್ಲ.

ಆದ್ದರಿಂದ ನಮ್ಮ ಕಾಲೇಜಿನ ಪ್ರದರ್ಶನ ಸಮಿತಿಗೆ ನನ್ನ ಬಿನ್ನಹ. ಬರುವ ವರ್ಷದಿಂದ ಪ್ರತಿ ಮಾದರಿಯ ಜೊತೆಗೂ ಒಂದು ಚೀಟಿ ಕಡ್ಡಾಯವಾಗಲಿ: ಅಳತೆ ಎಷ್ಟು, ಯಾವ ವರ್ಷದ ಸ್ಥಿತಿ, ಏನು ಕೊಂಡದ್ದು, ಏನು ಕೈಯಿಂದ ಮಾಡಿದ್ದು, ಯಾರ ಯಾರ ಕೈ. ನಮ್ಮಲ್ಲಿ ಬಡಿಗರ, ಕಮ್ಮಾರರ, ಹರಿಗೋಲು ಹೆಣೆಯುವವರ ಮಕ್ಕಳು ಎಷ್ಟು ಜನರಿದ್ದೇವೆಂದು ನಮಗೇ ತಿಳಿಯದು. ಮಾದರಿಗಳನ್ನು ಪರೀಕ್ಷಿಸಲು ತೀರ್ಪುಗಾರರ ಜೊತೆಗೆ ಆ ಕಸಬು ಬಲ್ಲವರೊಬ್ಬರನ್ನು ಕೂಡಿಸಿದರೆ ಸಮಿತಿಗೆ ತಗಲುವ ವೆಚ್ಚ ಒಂದು ಚಹಾ, ಒಂದು ಬಸ್ಸಿನ ಟಿಕೆಟ್ಟು.

ಹಡಗು ಈಗ ನಮ್ಮ ಇತಿಹಾಸ ವಿಭಾಗದ ಬೀರುವಿನ ಮೇಲಿದೆ. ಚೀಟಿಯನ್ನು ಬದಲಾಯಿಸಿ ಇಬ್ಬರ ಹೆಸರನ್ನೂ ಬರೆದಿದ್ದೇನೆ. ಹೋದ ತಿಂಗಳು ತಂದೆಯವರು ನನ್ನ ಪರೀಕ್ಷಾ ಶುಲ್ಕ ಕಟ್ಟಲು ಬಂದಾಗ ಕರೆದುಕೊಂಡು ಹೋಗಿ ತೋರಿಸಿದೆ. ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಏನೂ ಅನ್ನಲಿಲ್ಲ. ಆಮೇಲೆ ಕನ್ನಡಕ ಸರಿಪಡಿಸಿಕೊಂಡು, ಎಡಪಕ್ಕೆಯ ಕಡೆ ಹಿಂದಿನಿಂದ ಮೂರನೆಯ ತೊಲೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಎರಡಾ ಹಲಿಗಿ ಬಿಟ್ಟೀಯಲ್ಲ ತಮ್ಮಾ. ಮೂರು ಅಂದಿದ್ದಿ."

ನಿಜ, ಎರಡೇ ಇವೆ.